ಹಿಟ್ಟಿನ ಡಬ್ಬಿಯ ಹಿಂದಿನ ಗುಳಿಗೆ

ನನ್ನ ಮಗಳು ಸಿದ್ಧಿ ಏಳು ವರ್ಷದವಳಿದ್ದಾಗ ಅವಳಿಗೆ ನಾನೊಂದು ಮಾತು ಕೊಟ್ಟಿದ್ದೆ. ಆಗ ನನ್ನ ನಾದಿನಿ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ನಾನು ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆಯುತ್ತಿದ್ದೆ. ಸಿದ್ಧಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅವ್ವಾ, ನನಗ ಕೂಸ ಆದ್ರ ಅದಕ್ಕೂ ನೀನ ಎರೀತಿ?”

“ಹೂಂ ನನ್ನವ್ವಾ, ಮೊದಲನೇ ನೀರು ನಾನ ಎರೀತೀನಿ. ಮಾತ ಕೊಟ್ಟೆ. ಈಗ ಸಾಲಿಗೆ ನಡಿ.”

ಇಪ್ಪತ್ತು ವರ್ಷ ಕಳೆದವು. ಸಿದ್ಧಿಯನ್ನು ಗಲಗಲಿ ಊರಿಗೆ ಮದುವೆ ಮಾಡಿ ಕೊಟ್ಟೆವು. ಅವಳು ಐದು ತಿಂಗಳ ಬಸುರಿಯಿದ್ದಾಗ ಕುಬಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ ಹೋದೆವು. ಉಡಿ ತುಂಬಲು ನೆಲದ ಮೇಲೆ ಕುಳಿತ ನನಗೆ ಮತ್ತೆ ಏಳಲಾಗಲಿಲ್ಲ. ತೊಡೆಯಲ್ಲಿ ಕಸುವೇ ಇಲ್ಲ, ಸೊಂಟದ ಎಲುಬೆಲ್ಲ ನೋವು. ಇಬ್ಬರು ಹೆಣ್ಣುಮಕ್ಕಳು ರಟ್ಟೆ ಹಿಡಿದು ಎಬ್ಬಿಸಿದರು.

ಸಿದ್ಧಿಯ ಅತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, “ಅಕ್ಕಾರ, ನಿಮಗ ಆಗಲಿಲ್ಲಂದ್ರ ಬಾಣಂತನ ಇಲ್ಲೇ ಮಾಡ್ತೀವಿ ಬಿಡ್ರಿ. ತಪ್ಪ ತಿಳೀಬ್ಯಾಡ್ರಿ.”

ನಾನು ತಪ್ಪು ತಿಳಿಯಲಿಲ್ಲ. ಆದರೆ ನಮ್ಮೂರು ಬನಹಟ್ಟಿಗೆ ಬರುವ ಬಸ್ಸಿನಲ್ಲಿ, ಸಿದ್ಧಿಗೆ ಕೊಟ್ಟ ಆ ಮಾತೇ ತಲೆಯಲ್ಲಿ ತಿರುಗುತ್ತಿತ್ತು.

ನಮ್ಮ ಮನೆಯಲ್ಲಿ ನಾಲ್ಕು ಮಗ್ಗಗಳಿವೆ. ಬೆಳಕು ಹರಿಯುವುದಕ್ಕೆ ಮೊದಲೇ ನನ್ನ ಕಸ, ನೀರು, ಅಡುಗೆ ಮುಗಿಯಬೇಕು. ಆಮೇಲೆ ಮಗ್ಗದ ಶೆಡ್ಡಿನಲ್ಲಿ ರಾಟೆ ಹಿಡಿದು ಲಾಳಿಯಲ್ಲಿಡುವ ಕಂಡಿಕೆಗೆ ನೂಲು ಸುತ್ತುತ್ತ ಕುಳಿತರೆ, ಹೊತ್ತು ಮುಳುಗುವುದರೊಳಗೆ ಮುಗಿಸುವ ನಮ್ಮ ಜೈನರ ಊಟಕ್ಕೇ ಏಳುವುದು. ಮೇಲಿನ ತಗಡು ಕಾದು ಬೆವರು ಸುರಿಯುತ್ತದೆ. ಬಿಸಿಲು ಮಾತ್ರ ಮೈಗೆ ತಾಗುವುದಿಲ್ಲ.

ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವ ನಮ್ಮ ಓಣಿಯ ಆಶಾ ಕಾರ್ಯಕರ್ತೆ ತಾರವ್ವ ಜಮಖಂಡಿಯ ಡಾಕ್ಟರ ಹತ್ತಿರ ಕರೆದೊಯ್ದಳು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ತೀರ ಕಡಿಮೆ ಎಂದು ಬಂತು. ಅದಿಲ್ಲದಿದ್ದರೆ ತಿಂದ ಅನ್ನದ ಸುಣ್ಣದಂಶ ಎಲುಬಿಗೆ ಹತ್ತುವುದಿಲ್ಲವಂತೆ. ಬಿಸಿಲಿನಿಂದ ನಮ್ಮ ಚರ್ಮದಲ್ಲೇ ಅದು ಹುಟ್ಟಬೇಕಂತೆ.

ಮನೆಗೆ ಬಂದು ಇದನ್ನು ಹೇಳಿದಾಗ ನಮ್ಮ ಯಜಮಾನರು ಸುಪಾರ್ಶ್ವ ನಕ್ಕುಬಿಟ್ಟರು. “ತಾರವ್ವಾ, ನಮ್ಮೂರಾಗ ಬಿಸಲಿಗೆ ಬರಗಾಲ ಬಂದೈತೇನ? ಬ್ಯಾಸಿಗ್ಯಾಗ ನೆತ್ತಿ ಸೀಳತೈತಿ!”

“ಬಿಸಲ ಊರಾಗ ಐತ್ರಿ ಅಣ್ಣಾರ. ವೈನಿ ಮೈಮ್ಯಾಲ ಯಾವತ್ತ ಬಿದ್ದೈತಿ, ಅದನ್ನ ಹೇಳ್ರಿ.”

ಅವರು ಮಗ್ಗದ ಕಡೆ ನೋಡಿದರು.

“ದಿನಾ ಮುಂಜಾನೆ ಕಿಡಕಿ ಗಾಜಿನ್ಯಾಗಿಂದ ಎಳಿಬಿಸಲ ಬೀಳತೈತಲ್ಲ?” ಎಂದೆ ನಾನು.

“ಗಾಜಿನ್ಯಾಗಿಂದ ಬಂದದ್ದು ಬೆಚ್ಚಗಷ್ಟ ಮಾಡತೈತ್ರಿ. ಎಲುಬಿಗೆ ಬೇಕಾದ್ದು ಗಾಜಿನ ಆಚೀಗೇ ನಿಲ್ಲತೈತಿ. ಎಳಿಬಿಸಲಾಗೂ ಭಾಳ ಇರಂಗಿಲ್ಲ. ಹತ್ತು-ಹನ್ನೊಂದರ ಸುಮಾರ ಅಂಗಳಕ್ಕ ಬರ್ರಿ. ಮುಖ, ಕೈ, ಕಾಲು ತೆರದಿರಲಿ. ಇಪ್ಪತ್ತ ನಿಮಿಷ ಸಾಕು. ಚರ್ಮ ಉರಿಯೂ ತನಕ ಕುಂದ್ರಬ್ಯಾಡ್ರಿ ಮತ್ತ.”

“ಅಲ್ಲೀತನಕ ಮಗ್ಗಕ್ಕ ನೂಲ ಯಾರ ಕೊಡಬೇಕು? ನೀ ಬರ್ತಿಯೇನ?” ಎಂದು ನಾನು ಸಿಡುಕಿದೆ.

ದಣಿದವಳಿಗೆ ಬುದ್ಧಿಮಾತೂ ಇನ್ನೊಂದು ಕೆಲಸದಂತೆಯೇ ಕೇಳಿಸುತ್ತದೆ.

ಡಾಕ್ಟರು ಎಂಟು ಗುಳಿಗೆ ಬರೆದುಕೊಟ್ಟಿದ್ದರು, ವಾರಕ್ಕೊಂದರಂತೆ. ನೋಡಲು ಎಣ್ಣೆ ತುಂಬಿದ ಮಣಿಯ ಹಾಗಿದ್ದವು. ಪಕ್ಕದ ಮನೆಯ ಕ್ಷಮಾ ಒಂದನ್ನು ಒತ್ತಿ ನೋಡಿ, “ಈ ಮೆತ್ತನ ಕವಚ ದನದ ಎಲುಬು, ತೊಗಲು ಕುದಿಸಿ ಮಾಡ್ತಾರಂತ, ಗೊತ್ತೈತಿಲ್ಲೋ?” ಅಂದಳು. ಗಡ್ಡೆಗೆಣಸನ್ನೂ ಮುಟ್ಟದ ಜೈನರ ಮನೆ ನಮ್ಮದು. ನನ್ನ ಕೈಯೇ ಹಿಂದೆ ಸರಿಯಿತು. ಅದು ಖರೆಯೋ ಸುಳ್ಳೋ ಎಂದು ಡಾಕ್ಟರನ್ನು ಕೇಳಬೇಕಿತ್ತು. ಅಷ್ಟು ದೊಡ್ಡವರನ್ನು ಹೇಗೆ ಕೇಳುವುದೆಂದು ಸುಮ್ಮನಾದೆ. ಗುಳಿಗೆಯ ಪಟ್ಟಿಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ.

ರವಿವಾರಕ್ಕೊಮ್ಮೆ ಯಜಮಾನರು ಕೇಳುತ್ತಿದ್ದರು, “ಗುಳಿಗಿ ತಗೊಂಡ್ಯಾ?”

“ತಗೊಂಡೆ.”

ಹೀಗೆ ಆರು ರವಿವಾರ.

ಅಷ್ಟರಲ್ಲಿ ನನ್ನ ಹಟಕ್ಕೆ ಸಿದ್ಧಿ ಹೆರಿಗೆಗೆಂದು ತವರಿಗೆ ಬಂದಳು. ಒಂದು ದಿನ ತಾರವ್ವ ಅವಳನ್ನು ನೋಡಲು ಬಂದಾಗ, ಸಿದ್ಧಿ ರೊಟ್ಟಿಗೆಂದು ಹಿಟ್ಟಿನ ಡಬ್ಬಿ ಎಳೆದಳು.

“ಅವ್ವಾ, ಇದೇನಿದು? ಎಂಟೂ ಹಂಗ ಅದಾವಲ್ಲ!”

ಯಜಮಾನರು ಮಗ್ಗ ನಿಲ್ಲಿಸಿ ಒಳಗೆ ಬಂದರು. “ಆರು ವಾರ ಸುಳ್ಳ ಹೇಳಿದ್ಯಾ?”

“ಮತ್ತ ಏನ್ ಮಾಡ್ಲಿ? ಎಲುಬು ಕುದಿಸಿದ್ದ ನುಂಗಂತೀರೇನ?”

ತಾರವ್ವ ನನ್ನ ಪಕ್ಕದಲ್ಲಿ ಕುಳಿತಳು. “ನುಂಗಬ್ಯಾಡ್ರಿ ವೈನಿ. ನಿಮ್ಮ ಧರ್ಮ ನಿಮಗ. ಆದ್ರ ಬಾಯಿ ತೆರದು ಹೇಳಬೇಕಿತ್ತು.” ಅಲ್ಲಿಂದಲೇ ಡಾಕ್ಟರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನನ್ನ ಕೈಗೆ ಕೊಟ್ಟಳು.

ನಾನು ಎಲ್ಲ ಹೇಳಿದೆ. ಡಾಕ್ಟರು ಬೈಯಲಿಲ್ಲ. “ಕವಚದ್ದು ಖರೇನ ಐತಿ ರಾಜಮತಿಬಾಯಿ. ಮೊದಲ ಹೇಳಿದ್ರ ಆಗ್ಲೇ ಬ್ಯಾರೇದ ಬರೀತಿದ್ದೆ. ಕವಚ ಇಲ್ಲದ್ದೂ ಸಿಗತಾವು. ಅದ್ರಾಗಿನ ಡಿ ಭಾಳ ಮಾಡಿ ಕುರಿ ಉಣ್ಣೆಯ ಜಿಡ್ಡಿನಿಂದ ತಗದಿರತಾರ. ಅದೂ ಬ್ಯಾಡಂದ್ರ, ನೀವು ಮಸಾಲಿಗೆ ಹಾಕ್ತೀರಲ್ಲ ಕಲ್ಲಹೂವು, ಅದರ ಜಾತಿಯದರಿಂದ ಮಾಡಿದ ಹನಿ ಅದಾವು.”

“ಕಲ್ಲಹೂವಾ?” ಯಜಮಾನರಿಗೆ ಸಂಶಯ. “ಅದನ್ನ ಇಕಿ ದಿನಾ ಸಾರಿಗೆ ಹಾಕ್ತಾಳ. ಮತ್ತ ಯಾಕ ಕಡಿಮಿ ಆತು?”

“ಸಾರಿನ್ಯಾಗ ಸಿಗಂಗಿದ್ರ ನಾ ಈ ಕೆಲಸ ಬಿಟ್ಟು ಮಸಾಲಿ ಮಾರತಿದ್ದೆ ಅಣ್ಣಾರ,” ಎಂದಳು ತಾರವ್ವ. ಎಷ್ಟೋ ದಿನದ ಮೇಲೆ ನಾವೆಲ್ಲ ನಕ್ಕೆವು.

ಹೊರಡುವಾಗ ಮತ್ತೆ ಹೇಳಿದಳು, “ಹಾಲಿನ ಪಾಕೀಟು, ಎಣ್ಣಿ ತರುವಾಗ ನೀಲಿ ಬಣ್ಣದ ಪ್ಲಸ್ ಎಫ್ ಗುರುತ ನೋಡ್ರಿ. ಅದ್ರಾಗ ಡಿ ಸೇರ್ಸಿರತಾರ. ತತ್ತಿ, ಮೀನ ತಿನ್ನೋರಿಗೆ ಅದ್ರಾಗೂ ಸಿಗತೈತಿ. ನಿಮಗ ಅದಿಲ್ಲ, ಅದಕ್ಕ ಬಿಸಲು ಬಿಡಬ್ಯಾಡ್ರಿ.”

ಮರುದಿನ ಹತ್ತು ಗಂಟೆಗೆ ಯಜಮಾನರು ನನ್ನ ರಾಟೆ ಹೊತ್ತು ತಂದು ಅಂಗಳದಲ್ಲಿಟ್ಟರು. “ಇಲ್ಲೇ ಸುತ್ತು. ಬಿಸಲಿಗಂತ ಬ್ಯಾರೆ ಸೂಟಿ ಎಲ್ಲಿಂದ ತರೂಣು?” ತಾವೂ ಅಂಗಿ ಕಳೆದು ಪಕ್ಕದಲ್ಲಿ ಕುಳಿತರು. ಸಿದ್ಧಿಯೂ ಬಂದಳು. ಡಾಕ್ಟರು ಹೇಳಿದ ಲೆಕ್ಕಕ್ಕೆ ಹನಿ ಶುರುವಾಯಿತು.

ನೋವು ಒಮ್ಮೆಲೇ ಹೋಗಲಿಲ್ಲ. ಒಂದು ತಿಂಗಳಿಗೆ ಮೆಟ್ಟಿಲು ಹತ್ತಿದೆ. ಎರಡು ತಿಂಗಳಿಗೆ ಗೋಡೆ ಹಿಡಿದು ನೆಲದಿಂದ ಎದ್ದೆ. ಅಷ್ಟರಲ್ಲಿ ಸಿದ್ಧಿಗೆ ಹೆಣ್ಣು ಕೂಸಾಯಿತು. ಮೊದಲ ಸಲ ಎರೆಯುವ ದಿನ ನಾನು ಬಚ್ಚಲಲ್ಲಿ ಕಾಲು ಚಾಚಿ ಕುಳಿತು ನೋಡಿದೆ. ಕಾಲು ನಡುಗುತ್ತಿತ್ತು. ನಡುಗುವ ಕಾಲ ಮೇಲೆ ಹಸಿ ಕೂಸನ್ನು ಯಾರು ಮಲಗಿಸುತ್ತಾರೆ? ಗಲಗಲಿಯಿಂದ ಬೀಗತಿ ಬಂದರು. ಸಿದ್ಧಿ ಕೂಸನ್ನು ಅವರ ಕೈಗೆ ಕೊಟ್ಟಳು. ಇಪ್ಪತ್ತೊಂದನೆಯ ದಿನದಿಂದ ನಾನೇ ಎರೆಯುತ್ತಿದ್ದೇನೆ. ಕೂಸಿಗೂ ಡಾಕ್ಟರು ಹೇಳಿದಷ್ಟೇ ಡಿ ಹನಿ ಹಾಕುತ್ತೇವೆ.

ಅಕ್ಕ ತಂಗಿಯರೇ, ಮಗ್ಗದ ಮುಂದೆ, ಒಲೆಯ ಮುಂದೆ ದಿನ ಕಳೆಯುವವರೇ, ಮೈ ಕೈ ನೋವನ್ನು ದಣಿವೆಂದು ಬಿಟ್ಟುಬಿಡಬೇಡಿ, ಒಮ್ಮೆ ತೋರಿಸಿ. ಕೆಲಸವನ್ನೇ ಅಂಗಳಕ್ಕೆ ತನ್ನಿ. ಗುಳಿಗೆಯನ್ನು ಯಾರೋ ಹೇಳಿದರೆಂದು ನುಂಗಬೇಡಿ, ಡಿ ಹೆಚ್ಚಾದರೂ ಕೆಡುಕೇ. ಯಾರೋ ಹೇಳಿದರೆಂದು ಬಿಡಲೂ ಬೇಡಿ. ಮನಸ್ಸಿಗೆ ಒಗ್ಗದಿದ್ದರೆ ಅಂಜದೆ ಡಾಕ್ಟರಿಗೆ ಹೇಳಿ, ಬೇರೆ ದಾರಿ ಇದ್ದೇ ಇರುತ್ತದೆ. ನಾನು ಹೇಳಲಿಲ್ಲ. ಆರು ವಾರ ಹಾಳು ಮಾಡಿಕೊಂಡೆ.

ಸಿದ್ಧಿಗೆ ಕೊಟ್ಟ ಮಾತು ನಡೆಯಲಿಲ್ಲ. ಅವಳ ಕೂಸಿಗೆ ಮೊದಲನೇ ನೀರು ಎರೆದದ್ದು ನಾನಲ್ಲ.