ಖಾಲಿ ಪಟ್ಟಿ

"ತೊಳೆದಿಟ್ಟ ಕಪ್ಪನ್ನೇ ಎಷ್ಟು ಸಲ ತೊಳೀತೀರಕ್ಕ? ಮೇಲಿದ್ದ ಹೂವೆಲ್ಲ ಅಳಿಸಿಹೋಯ್ತು!"

ಎಕ್ಸ್‌ಪ್ರೆಸ್ ಛೇಡಿಸಿದಾಗ ಅವಳು ನಾಚಿಕೊಂಡು ನಲ್ಲಿ ನಿಲ್ಲಿಸಿದಳು. ಯಾವ ಕೆಲಸವನ್ನೂ ಓಡುತ್ತಲೇ ಮುಗಿಸುವವನೆಂದು ಅವನಿಗೆ ಆ ಹೆಸರು. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಇದ್ದವರು ಮೂರೇ ಜನ: ಅವನು, ಅವಳು, ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು. ಪ್ರತಿ ಬುಧವಾರ ಮಧ್ಯಾಹ್ನ ಚಹಾ ಕುಡಿಯುತ್ತ, ತಾವು ಪ್ರೋಗ್ರಾಮ್ ಬರೆಯುವ ಪೈಥಾನ್ ಭಾಷೆಯಲ್ಲಿ ಹೊಸದೇನು ಬಂತು, ಜನ ಏನನ್ನು ಬದಲಾಯಿಸಿ ಎನ್ನುತ್ತಿದ್ದಾರೆ ಎಂದು ಮಾತಾಡುವುದು ರೂಢಿ. ಎಕ್ಸ್‌ಪ್ರೆಸ್‌ಗೆ ಅದು ಹರಟೆ. ಹೊಲಿಗೆ ಅಂಗಡಿಯಲ್ಲಿ ದುಡಿಯುತ್ತ ಸಂಜೆ ತರಗತಿಯಲ್ಲಿ ಕಲಿತ ಅವಳು ಮಾತ್ರ ನೋಟ್‌ಬುಕ್ ತರುತ್ತಿದ್ದಳು.

ಮೇಷ್ಟ್ರು ಬೋರ್ಡಿನ ಮೇಲೆ ಒಂದು ಖಾಲಿ ಡಬ್ಬಿ ಬರೆದರು. "ಒಂದು ಫಂಕ್ಷನ್ ಬರೀತೀರಿ, ಒಂದು ಕೆಲಸಕ್ಕೆ ಅಂತ ಕರೆಯೋ ಪುಟ್ಟ ಪ್ರೋಗ್ರಾಮು. ಪಟ್ಟಿ ಕೊಟ್ರೆ ಅದಕ್ಕೆ ಸೇರಿಸು, ಕೊಡದಿದ್ರೆ ಖಾಲಿ ಪಟ್ಟಿ ತಗೋ ಅಂತೀರಿ. ಕರೆದಾಗೆಲ್ಲ ಹೊಸ ಪಟ್ಟಿ ಸಿಗುತ್ತೆ ಅಂದ್ಕೊಂಡಿರ್ತೀರಿ. ಸಿಗಲ್ಲ! ಪೈಥಾನ್ ಅದನ್ನ ಒಂದೇ ಸಲ ಮಾಡಿಡೋದು. ಮೊದಲು ಬಂದವನು ಹಾಕಿದ್ದು ಆಮೇಲೆ ಬಂದವನಿಗೂ ಅಂಟಿಕೊಳ್ಳುತ್ತೆ."

"ಇದೆಂಥ ಭಾಷೆ ಸಾರ್! ತಿದ್ದಬಾರ್ದಾ?" ಎಂದ ಎಕ್ಸ್‌ಪ್ರೆಸ್.

"ತಿದ್ದಿದ್ರೆ ಅದನ್ನೇ ನೆಚ್ಚಿಕೊಂಡಿರೋ ಹಳೇ ಪ್ರೋಗ್ರಾಮ್‌ಗಳು ಕೆಟ್ಟು ಕೂರ್ತವೆ. ಪ್ರತಿಸಲ ಹೊಸದೇ ಬೇಕು ಅನ್ನೋರಿಗೆ ಬೇರೆ ಚಿಹ್ನೆ ಕೊಡೋಣ ಅಂತ ಒಂದು ಪ್ರಸ್ತಾಪ ಇದೆ. ಅದಕ್ಕೂ ಜಗಳ, ಇನ್ನೂ ಮುಗಿದಿಲ್ಲ."

ಎಕ್ಸ್‌ಪ್ರೆಸ್ ನಕ್ಕ. ಅವಳ ಪೆನ್ನು ನಿಂತಿತ್ತು.

ರೋಗಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬ ಪಟ್ಟಿ ತಯಾರಿಸುವ ಫಂಕ್ಷನ್ ಅವಳದೇ. ಎರಡು ವರ್ಷದ ಹಿಂದೆ ಬರೆದದ್ದು. ಮೇಷ್ಟ್ರು ಹೇಳಿದ ಹಾಗೇ ಬರೆದಿದ್ದಳು, ಆ ಸಾಲು ಕಣ್ಣಿಗೆ ಕಟ್ಟಿದಂತಿತ್ತು. ಯಾರದೋ ಪಟ್ಟಿ ಇನ್ಯಾರಿಗೋ ಅಂಟಿ, ಬೇಕಾದ ಔಷಧಿಯನ್ನೇ ಕೊಡದೆ ಬಿಟ್ಟಿದ್ದರೆ? ಮೆಲ್ಲಗೆ ಹೋಗಿ ತಿದ್ದಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಈವರೆಗೆ ವಾರ್ಡುಗಳಿಗೆ ಹೋದ ಹಾಳೆಗಳು?

"ಸಾರ್, ಅದನ್ನ ನಾನು ಬರೆದಿದ್ದೀನಿ. ಒಗ್ಗದ ಔಷಧಿಗಳ ಪಟ್ಟೀಲಿ."

ಮೇಷ್ಟ್ರು ಕಪ್ ಕೆಳಗಿಟ್ಟು, ವಾರ್ಡುಗಳಲ್ಲಿ ಈಗ ಓಡುತ್ತಿದ್ದ ಪ್ರೋಗ್ರಾಮನ್ನು ತೆರೆದರು. ಸಾಲು ಅಲ್ಲೇ ಇತ್ತು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಇದನ್ನ ಎಲ್ಲಿಂದ ಕರೀತೀರಿ?"

"ಒಂದೇ ಕಡೆಯಿಂದ ಸಾರ್. ಕೆಳಗಿದೆ."

ಮೇಷ್ಟ್ರು ಸ್ಕ್ರೀನಿನಲ್ಲಿ ಕೆಳಗಿನ ಸಾಲುಗಳಿಗೆ ಹೋಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅಲ್ಲಿ ಪ್ರತಿ ರೋಗಿಗೂ ಅವಳೇ ಒಂದು ಹೊಸ ಖಾಲಿ ಪಟ್ಟಿ ಮಾಡಿ ಕೊಟ್ಟಿದ್ದಳು. ಪಕ್ಕದಲ್ಲಿ ಒಂದು ಟಿಪ್ಪಣಿ: 'ಬೇಕೋ ಬೇಡವೋ ಗೊತ್ತಿಲ್ಲ. ಇರಲಿ.'

ಮೇಷ್ಟ್ರು ಪ್ರೋಗ್ರಾಮಿನ ಹಳೆಯ ಪ್ರತಿಗಳನ್ನೂ ಒಂದೊಂದಾಗಿ ತೆರೆದರು. "ಮೊದಲ ದಿನದಿಂದಲೂ ಹೀಗೇ ಇದೆ. ಯಾರದೂ ಯಾರಿಗೂ ಅಂಟಿಲ್ಲ. ಕೂತ್ಕೊಳ್ಳಮ್ಮ, ಬಿದ್ದುಬಿಟ್ಟೀರಿ."

ಅವಳು ಕೂತಳು. ಆಗ ನೋಡಿದರೆ ಎಕ್ಸ್‌ಪ್ರೆಸ್‌ನ ಮುಖ ಬಿಳಿಚಿತ್ತು.

"ಅಕ್ಕ, ಆ ಖಾಲಿ ಪಟ್ಟಿನ ಹೊಸ ಪ್ರತೀಲಿ ಇವತ್ತು ಬೆಳಿಗ್ಗೆ ತೆಗೆದುಹಾಕ್ದೆ. ದಂಡಕ್ಕೆ ಇದೆ ಅಂತ. ಆ ಪ್ರತಿ ನಾಲ್ಕು ಗಂಟೆಗೆ ವಾರ್ಡುಗಳಿಗೆ ಹೋಗುತ್ತೆ."

ಗೋಡೆ ಗಡಿಯಾರದಲ್ಲಿ ಮೂರೂವರೆ. ಅವನ ಬೆರಳುಗಳು ಎಂದಿಗಿಂತ ನಿಧಾನವಾಗಿ ಕೀಲಿಮಣೆಯ ಮೇಲೆ ಆಡಿದವು. "ತಡೆದೆ, ಪಟ್ಟಿನೂ ವಾಪಸ್ ಹಾಕ್ದೆ," ಎಂದ. ಅವಳ ಕಡೆ ತಿರುಗಿ ಸ್ಕ್ರೀನ್ ತೋರಿಸಿ, "ನೀವೂ ಒಂದ್ಸಲ ನೋಡಿಬಿಡಿ," ಎಂದ.

ಅವಳು ನೋಡಿದಳು, ಎರಡು ಸಲ. ಆಮೇಲೆ ಫಂಕ್ಷನ್ನಿನ ಒಳಗೇ ಪ್ರತಿಸಲ ಹೊಸ ಪಟ್ಟಿ ಹುಟ್ಟುವ ಹಾಗೆ ಆ ಸಾಲನ್ನು ತಿದ್ದಿದಳು.

"ಈಗ ಹೊರಗಿನ ಪಟ್ಟಿ ನಿಜವಾಗ್ಲೂ ಬೇಡ ಅಲ್ವಾಕ್ಕ?"

"ಬೇಡ ಕಣೋ," ಎಂದಳು. ಒಂದು ಗಳಿಗೆ ಬಿಟ್ಟು, "ಇರ್ಲಿ ಬಿಡು," ಎಂದಳು. ಮೇಷ್ಟ್ರು ಗಟ್ಟಿಯಾಗಿ ನಕ್ಕುಬಿಟ್ಟರು. ಅವಳಿಗೂ ನಗು ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರು.

ಫ್ಲಾಸ್ಕಿನಲ್ಲಿ ಇನ್ನೂ ಚಹಾ ಉಳಿದಿತ್ತು. ಎಕ್ಸ್‌ಪ್ರೆಸ್ ಎದ್ದು ಹೋಗಿ ಶೆಲ್ಫಿನಿಂದ ತೊಳೆದಿಟ್ಟ ಮೂರು ಕಪ್ ತೆಗೆದ. ಸುರಿಯಲು ಫ್ಲಾಸ್ಕ್ ಬಗ್ಗಿಸಿದವನು ಕೈ ತಡೆದು, ಕಪ್ಪುಗಳನ್ನು ನಲ್ಲಿಯ ಕೆಳಗೆ ಹಿಡಿದ.