ಮಾಯವ್ವ ಸುತ್ತಿಕೊಟ್ಟ ಉಂಡೆ

ರೇಣವ್ವ ಎರಡೂ ಕೈ ಮುಂದೆ ಚಾಚಿ ಕುಳಿತಿದ್ದಳು. ಅವಳ ಮುಂಗೈಗಳಿಗೆ ಹಾಕಿದ ಉಣ್ಣೆಯ ಲಡಿಯಿಂದ ಎಳೆ ಬಿಡಿಸಿಕೊಳ್ಳುತ್ತ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಮಾಯವ್ವ ಉಂಡೆ ಸುತ್ತುತ್ತಿದ್ದಳು. ಪಡಸಾಲೆಯಲ್ಲಿ ಕುರಿಮರಿಯೊಂದು ಹಗ್ಗ ಜಗ್ಗುತ್ತಿತ್ತು.

ಒಂದು ಸಂಗತಿ ಮಾತ್ರ ರೇಣವ್ವನ ಕಣ್ಣು ತಪ್ಪಲಿಲ್ಲ. ನಿಂಬೆಹಣ್ಣಿನಷ್ಟು ಉಂಡೆಯನ್ನು ಮಾಯವ್ವ ಮೊದಲೇ ಸುತ್ತಿ, ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದಳು. ಅದರ ಮೇಲೆಯೇ ಈಗ ಸುತ್ತುತ್ತಿದ್ದಳು.

"ತಗೋ," ಸುತ್ತಿ ಮುಗಿಸಿ ಮಾಯವ್ವ ಉಂಡೆ ಕೊಟ್ಟಳು. "ಮರಿಗಳ ಮೊದಲನೇ ಕತ್ತರಿ ಉಣ್ಣಿ, ನಾನ ನೂತೇನಿ. ನಿನಗ ಹೆಣಿಯೋ ಹುಚ್ಚು ಭಾಳಲ್ಲ? ಕೂಸಿನ ತಲಿಗೊಂದು ಕುಲಾಯಿ ಹೆಣಿ."

ಆರನೆಯ ಇಯತ್ತೆಗೇ ಸಾಲೆ ಬಿಟ್ಟ ರೇಣವ್ವ, ಅಕ್ಕೋರು ಕಲಿಸಿದ ಹೆಣಿಗೆಯನ್ನು ಮಾತ್ರ ಬಿಟ್ಟಿರಲಿಲ್ಲ. ಈಗ ಅವಳಿಗೆ ಏಳು ತಿಂಗಳು. ಹೋದ ವರ್ಷದ ಬಸಿರು ಐದಕ್ಕೇ ಇಳಿದುಹೋಗಿತ್ತು. ಮಾಯವ್ವನ ಒಬ್ಬನೇ ಮಗ ಬೀರ ಮೂರು ತಿಂಗಳ ಕೂಸಿದ್ದಾಗ ತೀರಿಕೊಂಡಿದ್ದ. ಅದು ರೇಣವ್ವ ಮರೋಳಕ್ಕೆ ಸೊಸೆಯಾಗಿ ಬರುವ ಮೊದಲಿನ ಮಾತು. ಅವನ ಹೆಸರನ್ನು ಮಾಯವ್ವ ಎಂದೂ ಎತ್ತಿದವಳಲ್ಲ.

ಅಂಥವಳು ಈಗ ದಿನಾ ಪಕ್ಕದಲ್ಲಿ ಕುಳಿತು ಕೇಳತೊಡಗಿದಳು: "ಎಲ್ಲೀತನ ಬಂತು? ಉಂಡಿ ಇನ್ನೂ ಭಾಳ ಐತೇನು?" ಕೇಳುವಾಗ ಅವಳ ನೋಟ ಕುಲಾಯಿಯ ಮೇಲಿರುತ್ತಿರಲಿಲ್ಲ, ಉಂಡೆಯ ಮೇಲಿರುತ್ತಿತ್ತು. ಒಂದು ದಿನ ರೇಣವ್ವ ಉಂಡೆಯನ್ನು ಒತ್ತಿ ನೋಡಿದಳು. ನಡುವೆ ಏನೋ ಗಟ್ಟಿಯಾಗಿ ಬೆರಳಿಗೆ ತಾಗಿತು. ಅಂದಿನಿಂದ ಹೆಣಿಗೆ ನಿಂತಿತು. ರಾತ್ರಿ ಮಲಗಿದರೆ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು.

ಪಕ್ಕದ ಮನೆಯ ಕಾಸಿಂಬಿಗೆ ತೋರಿಸಿದಳು. ಕಾಸಿಂಬಿ ಹಿಸುಕಿ, ಮೂಸಿ ನೋಡಿದಳು.

"ಏನೋ ಐತಿ ಖರೆ. ಬೆಲ್ಲಂತೂ ಅಲ್ಲ, ಇರುವಿ ಹತ್ತಿಲ್ಲ. ಬಿಚ್ಚಿ ನೋಡಲೇ ಹುಚ್ಚಿ."

"ಬಿಚ್ಚಬಾರದಂತ ಕಾಕಿ. ಮಾಟ ಮಾಡಿ ಸುತ್ತಿದ್ದು ಬಿಚ್ಚಿದವರಿಗೇ ಸುತ್ತಿಕೊಳ್ತೈತಂತ. ಕಬ್ಬಿಣಲೇ ಕೊಯ್ಯಬೇಕಂತ, ನಮ್ಮವ್ವ ಹೇಳ್ತಿದ್ಲು."

"ನಿಮ್ಮವ್ವಗ ಹೆಣಿಲಿಕ್ಕೆ ಬರ್ತಿತ್ತೇನು?"

"ಇಲ್ಲ."

"ಮತ್ತ ನೂಲಿನ ಮಾತು ಆಕೀನ್ನ ಯಾಕ ಕೇಳ್ತಿ?" ಎಂದು ನಕ್ಕು ಕಾಸಿಂಬಿ ಎದ್ದುಹೋದಳು.

ಮರುದಿನ ಮಾಯವ್ವ ಕುರಿ ಹೊಡೆದುಕೊಂಡು ಹಳ್ಳದ ಕಡೆಗೆ ಹೋದದ್ದನ್ನು ನೋಡಿಕೊಂಡು, ರೇಣವ್ವ ಈಳಿಗೆಯ ಮುಂದೆ ಕುಳಿತಳು. ಉಂಡೆಯನ್ನು ಅಲಗಿಗೆ ಒತ್ತಿದಳು. ನೂರಾರು ಸುತ್ತು ಒಮ್ಮೆಲೇ ಕತ್ತರಿಸಿಹೋಗಿ, ಗೇಣುದ್ದದ ತುಂಡುಗಳಾಗಿ ಮಡಿಲ ತುಂಬ ಉದುರಿದವು. ನಡುವಿನಿಂದ ಒಂದು ಚಿಂದಿ ಗಂಟು ಬಿತ್ತು. ಅದರಲ್ಲಿದ್ದದ್ದು ಕರಿ ಉಡದಾರದ ತುಂಡು, ಎರಡು ಬೆಳ್ಳಿ ಗೆಜ್ಜೆ.

ಬಾಗಿಲಲ್ಲಿ ನೆರಳು ಬಿತ್ತು. ಮಾಯವ್ವ ಮರೆತ ಬುತ್ತಿಗೆಂದು ತಿರುಗಿ ಬಂದಿದ್ದಳು. ಈಳಿಗೆಯನ್ನು ನೋಡಿದಳು, ತುಂಡುಗಳನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ನಮ್ಮ ಬೀರಂದು ಅದು," ಎಂದಳು. "ಹೆಣಿಯೋರಿಗೆ ನಮ್ಮ ತವರಾಗ ಹಿಂಗ ಸುತ್ತಿ ಕೊಡ್ತಾರ. ಕುಲಾಯಿ ಮುಗಿದ ದಿನ ತಾನ ಸಿಗ್ತಿತ್ತು. ನಿನ್ನ ಕೂಸಿನ ನಡಕ್ಕ ಕಟ್ಟಲಿ ಅಂತ…"

ಬಾಗಿ ಉಡದಾರ, ಗೆಜ್ಜೆ ಎತ್ತಿಕೊಂಡು ಸೆರಗಿಗೆ ಗಂಟು ಹಾಕಿದಳು. ಬುತ್ತಿ ತೆಗೆದುಕೊಂಡು ಹೊರಟಳು.

ಅರ್ಧ ಕುಲಾಯಿ ಸೂಜಿಗಳಲ್ಲೇ ಜೋತಾಡುತ್ತಿತ್ತು. ರೇಣವ್ವ ತುಂಡುಗಳನ್ನು ಮಡಿಲಲ್ಲಿ ಬಾಚಿಕೊಂಡು ಹೊಸ್ತಿಲವರೆಗೆ ಓಡಿದಳು. ಮಾಯವ್ವ ಆಗಲೇ ಅಂಗಳ ದಾಟುತ್ತಿದ್ದಳು.

"ಯಕ್ಕಾ, ಇನ್ನೊಂದು ಉಂಡಿ ಸುತ್ತಿ ಕೊಡ."

ಮಾಯವ್ವ ತಿರುಗಲಿಲ್ಲ.

"ಯಕ್ಕಾ, ಇನ್ನೊಂದು ಉಂಡಿ ಸುತ್ತಿ ಕೊಡ. ನಾ ಕೈ ಹಿಡೀತೇನಿ."