ಕಿರುಬೆರಳು ಮಡಿಚಿದ ಹೆಜ್ಜೆ

ಅಜ್ಜಿಯ ಕಾಲುಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ನೆನೆಯಲು ಬಿಟ್ಟು ಉಗುರು ಮೆತ್ತಗಾಗುವವರೆಗೂ ಕಾದೆ. ಆಮೇಲೆ ಬಲಗಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಶುರುಮಾಡಿದೆ. ಅಜ್ಜಿ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಎಡಗಾಲಿನ ಕಿರುಬೆರಳಿಗೆ ಬಂದಾಗ ಮಾತ್ರ ಕತ್ತರಿ ಕೆಳಗಿಟ್ಟು ಬ್ಲೇಡು ತೆಗೆದುಕೊಳ್ಳಬೇಕು. ಆ ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಮಲಗಿದೆ. ಅದರ ಉಗುರು ಅಡ್ಡಡ್ಡ ಬೆಳೆಯುತ್ತದೆ. ಅವಳು ಮದುವೆಯಾಗಿ ಬಂದ ಎರಡನೇ ತಿಂಗಳಲ್ಲಿ ಗಾಡಿಯಿಂದ ಜಾರಿದ ಮೆಟ್ಟಿಲುಕಲ್ಲೊಂದು ಅದನ್ನು ಜಜ್ಜಿತ್ತು.

ಹನ್ನೆರಡು ವರ್ಷದವಳಿದ್ದಾಗಿನಿಂದ ಈ ಕೆಲಸ ನನ್ನದು. ಆ ಬೆರಳನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಹಾಗಾಗಿ ನಮ್ಮ ಹಿತ್ತಲಿನ ಬಂಡೆಯ ಮೇಲಿರುವ ಹೆಜ್ಜೆ ಯಾರದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಜನ ಅದನ್ನು ಸೀತೆಯ ಪಾದ ಎನ್ನುತ್ತಾರೆ. ರಾಮನ ಹಿಂದೆ ಕಾಡಿಗೆ ಹೋಗುವಾಗ ಅವಳು ಇಲ್ಲಿ ಒಂದು ಗಳಿಗೆ ನಿಂತಳಂತೆ, ಮುಳ್ಳು ಚುಚ್ಚಿ ಕಿರುಬೆರಳು ಮಡಿಚಿತಂತೆ, ಕಲ್ಲಿಗೇ ಮರುಕ ಬಂದು ಮೆತ್ತಗಾಯಿತಂತೆ. ದೂರದೂರದಿಂದ ಬರುತ್ತಾರೆ. ಚಪ್ಪಲಿಯನ್ನು ನಮ್ಮ ಬಾಗಿಲ ಮುಂದೆ ಬಿಟ್ಟು, ಬಂಡೆ ಹತ್ತಿ, ಹೆಜ್ಜೆಗೆ ಹಣೆ ಮುಟ್ಟಿಸಿ ಹೋಗುತ್ತಾರೆ.

ಕೆತ್ತಿದ್ದು ನಮ್ಮ ತಾತ. ನಾವು ಕಲ್ಲು ಕೆತ್ತುವವರು. ಮೆಟ್ಟಿಲು, ಹೊಸ್ತಿಲು, ಮನೆಗಳಿಗೆ ಹೆಸರಿನ ಫಲಕ. ತಾತ ಮದುವೆಯಾದ ವರ್ಷ ಅಜ್ಜಿ ಕೊಡ ಹೊತ್ತು ಬಂಡೆ ದಾಟುವಾಗ ಒದ್ದೆಗಾಲಿನ ಗುರುತು ಬಿತ್ತು. ಅದು ಆರುವ ಮೊದಲೇ ತಾತ ಓಡಿಹೋಗಿ ಇದ್ದಿಲಿನಿಂದ ಸುತ್ತ ಗೆರೆ ಎಳೆದ. ಊಟದ ಬಿಡುವಿನಲ್ಲಿ ಸ್ವಲ್ಪ ಸ್ವಲ್ಪವೇ ಕೆತ್ತಿ ನಾಲ್ಕು ದಿನಕ್ಕೆ ಮುಗಿಸಿದ. ಐದನೇ ದಿನ ಅವನ ತಾಯಿ ಕಂಡು, "ಇದೇನೋ ಇದು, ಯಾರ ಕಾಲು?" ಎಂದಳು. ಹೆಂಡತಿಯ ಕಾಲನ್ನು ಕಲ್ಲಿನಲ್ಲಿ ಕೆತ್ತಿದವನು ತಾಯಿಯ ಮುಂದೆ ಬಾಯಿ ಬಿಟ್ಟಾನೆಯೇ? ಸುತ್ತಿಗೆ ನೋಡುತ್ತ ನಿಂತ. ಸೊಸೆಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ತೋಚಿದ್ದನ್ನು ಹೇಳಿದಳು: "ಸೀತಮ್ಮನ ಪಾದ ಅಂತ ಕೆತ್ತಿದಾರೆ ಅತ್ತೆ." ಅತ್ತೆ ಕೈ ಮುಗಿದಳು. ಅಲ್ಲಿಗೆ ಆಯಿತು.

ಇದನ್ನು ಅಜ್ಜಿ ನನಗೆ ಹೇಳಿದ್ದು ಒಂದೇ ಸಲ, ತಾತ ಸತ್ತ ವರ್ಷ, ಹೀಗೇ ಉಗುರು ಕತ್ತರಿಸುವಾಗ. ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಿದ್ದಳು. ಬೀದಿಯ ಮಕ್ಕಳಿಗೆ ಮಾತ್ರ ಸೀತಮ್ಮನ ಕಥೆಯನ್ನೇ ಹೇಳುತ್ತಿದ್ದಳು. ಮುಳ್ಳು ಸೇರಿಸಿದ್ದೂ ಅವಳೇ.

ಮಿಕ್ಕ ತಪ್ಪು ನನ್ನದು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಅಕ್ಷರ ದುಂಡಗಿದೆಯೆಂದು ಅಪ್ಪ ಫಲಕದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಕೆಲಸ ನನಗೆ ಕೊಟ್ಟಿದ್ದಾನೆ; ನಾನು ಬರೆದ ಗೆರೆಯ ಮೇಲೆ ಅವನು ಉಳಿ ನಡೆಸುತ್ತಾನೆ. ಮೂರು ವರ್ಷದ ಹಿಂದೆ ಮೇಷ್ಟ್ರು ಒಂದು ಚೀಟಿ ತಂದರು. ನನಗೆ ಐದನೇ ತರಗತಿಯಲ್ಲಿ ಪಾಠ ಹೇಳಿದವರು, ನಿವೃತ್ತರಾದ ಮೇಲೆ ಊರಿನ ಇತಿಹಾಸ ಬರೆಯಲು ಕೂತವರು. ಬಂಡೆಯ ಬಳಿ ಫಲಕ ನಿಲ್ಲಿಸಬೇಕಿತ್ತು. ಚೀಟಿಯಲ್ಲಿ ಹೀಗಿತ್ತು: 'ತ್ರೇತಾಯುಗದಲ್ಲಿ ಸೀತಾದೇವಿ ಇಲ್ಲಿ ಹೆಜ್ಜೆ ಇಟ್ಟಳು ಎಂದು ಊರಿನ ಹಿರಿಯರು ಹೇಳುತ್ತಾರೆ.'

ಕಲ್ಲು ಚಿಕ್ಕದು. ಅಷ್ಟೂ ಬರೆದರೆ ಇರುವೆ ಸಾಲು ಹರಿದಂತೆ ಕಾಣುತ್ತಿತ್ತು; ಸಣ್ಣ ಅಕ್ಷರದ ಒತ್ತುಗಳು ಉಳಿಯ ಪೆಟ್ಟಿಗೆ ಸಿಡಿದುಹೋಗುತ್ತವೆ. ನಾನು 'ಇಟ್ಟಳು' ಎಂಬಲ್ಲಿಗೆ ನಿಲ್ಲಿಸಿದೆ. ಎರಡು ಸಾಲು, ಅಂಚಿಗೆ ನಾಲ್ಕು ಬೆರಳು ಜಾಗ, ಅಚ್ಚುಕಟ್ಟು. ಮೇಷ್ಟ್ರು ದೂರ ನಿಂತು ಓದಿ, "ಚೆನ್ನಾಗಿದೆ ಕಣಮ್ಮ, ಗಂಭೀರವಾಗಿದೆ" ಎಂದರು. ಆಮೇಲೆ ಅವರ ಪುಸ್ತಕ ಬಂತು. ಅದರಲ್ಲಿ ನಮ್ಮ ಫಲಕದ ಫೋಟೋ ಇತ್ತು. ಕೆಳಗೆ 'ಆಧಾರ: ಬಂಡೆಯ ಬಳಿಯ ಕಲ್ಲುಬರಹ' ಎಂದಿತ್ತು.

ಪುಸ್ತಕದ ಹಿಂದೆಯೇ ಸರ್ಕಾರದ ಕಾಗದ ಬಂತು. ಬಂಡೆ ಇನ್ನು ಮುಂದೆ ರಕ್ಷಿತ ಸ್ಮಾರಕ; ಪಾದದಿಂದ ಸುತ್ತಲೂ ಹದಿನೈದು ಮೀಟರ್ ಒಳಗೆ ಯಾರೂ ಇರುವಂತಿಲ್ಲ. ನಮ್ಮ ಮನೆ ಪೂರ್ತಿ ಒಳಗೆ ಬಿತ್ತು. ಕೆಲಸದ ಶೆಡ್ಡು ಆ ಗಡಿಯಿಂದ ಒಂದು ಮೊಳದಷ್ಟು ಆಚೆ ಉಳಿಯಿತು. ಆಕ್ಷೇಪಣೆ ಇದ್ದರೆ ಸೋಮವಾರ ಸ್ಥಳ ನೋಡಲು ಬರುವ ಅಧಿಕಾರಿಗೆ ಸಾಕ್ಷಿ ಸಮೇತ ಹೇಳಬೇಕು.

"ಶೆಡ್ಡಾದ್ರೂ ಉಳೀತಲ್ಲ," ಎಂದಳು ಅಮ್ಮ. "ಅದರಲ್ಲೇ ಒಂದು ಮೂಲೇಲಿ ಒಲೆ ಹಾಕ್ಕೊಂಡು ಇದ್ದುಬಿಡೋಣ."

"ನಮ್ಮಪ್ಪ ಕೆತ್ತಿದ್ದಕ್ಕೆ ನಾನು ಮನೆ ಬಿಡಬೇಕಾ?" ಎಂದ ಅಪ್ಪ.

"ಹಾಗಾದ್ರೆ ಹೋಗಿ ಹೇಳಿ, ನಮ್ಮಪ್ಪಂಗೆ ಹೆಂಡ್ತಿ ಮೇಲೆ ಪ್ರೀತಿ ಉಕ್ಕಿ ಹರಿದಿತ್ತು ಅಂತ. ಆ ಕಾಯಿಲೆ ನಿಮಗಂತೂ ಅಂಟಲಿಲ್ಲ, ಪುಣ್ಯ."

"ಹೇಳಲ್ಲ, ತೋರಿಸ್ತೀನಿ. ಅದೇ ಬಂಡೆ ಮೇಲೆ ಇನ್ನೊಂದು ಕೆತ್ತಿ ಇಡ್ತೀನಿ. ಮನುಷ್ಯರ ಕೈಲಿ ಆಗೋ ಕೆಲಸ ಇದು ಅಂತ ಗೊತ್ತಾಗ್ಲಿ ಅವರಿಗೆ."

ಶುಕ್ರವಾರ ನನ್ನ ಬಲಗಾಲನ್ನು ನೀರಿನಲ್ಲಿ ಅದ್ದಿಸಿ ಬಂಡೆಯ ಮೇಲೆ ನಿಲ್ಲಿಸಿದ. ಹಳೆಯ ಎಡಪಾದಕ್ಕಿಂತ ಒಂದು ಹೆಜ್ಜೆ ಮುಂದೆ, ಶೆಡ್ಡಿನ ಕಡೆಗೆ. ಅಲ್ಲಿ ಕಲ್ಲು ಚೆನ್ನಾಗಿತ್ತು ಅಷ್ಟೇ. ಭಾನುವಾರ ಮಧ್ಯಾಹ್ನಕ್ಕೆ ಕೆತ್ತಿ ಮುಗಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಉಳಿಯ ಹೊಸ ಬಿಳಿ ಗೆರೆಗಳು ದೂರದಿಂದಲೇ ಕಾಣುತ್ತಿದ್ದವು. ಆದರೆ ಉಳಿಯ ಗುರುತು ಬಿಟ್ಟು ಕೆಲಸದಿಂದ ಏಳಬಾರದು ಎಂದು ತಾತ ಅವನಿಗೆ ಕಲಿಸಿದ್ದ. ಸಾಣೆಕಲ್ಲು ತಂದು ಉಜ್ಜತೊಡಗಿದ. ಉಜ್ಜಿ ಎಣ್ಣೆ ಸವರಿ ಮತ್ತೆ ಉಜ್ಜಿದ. ಗುರುತು ಇದ್ದರೇ ಒಳ್ಳೆಯದಲ್ಲವೇ ಎಂದು ನನ್ನ ನಾಲಿಗೆ ತುದಿಗೆ ಬಂತು. ಅವನಿಗೆ ಕೆಲಸ ಹೇಳಿಕೊಡಲು ನಾನಾರು ಎಂದು ಸುಮ್ಮನೆ ಬಂದು ಅಜ್ಜಿಯ ಉಗುರು ಕತ್ತರಿಸಲು ಕೂತೆ.

ಕಿರುಬೆರಳು ಮುಗಿದ ಮೇಲೆ ಕಾಲು ಒರೆಸುತ್ತ ಹೇಳಿದೆ: "ಅಜ್ಜಿ, ನಾಳೆ ಅವರು ಬಂದಾಗ ಈ ಕಾಲು ತೋರಿಸಿಬಿಡು. ಬೆರಳು ನೋಡಿದ್ರೆ ಅವರಿಗೇ ಗೊತ್ತಾಗತ್ತೆ."

"ಏನು ಗೊತ್ತಾಗತ್ತೆ?"

"ಬಂಡೆ ಮೇಲಿರೋದು ನಿನ್ನ ಕಾಲು ಅಂತ."

ಅಜ್ಜಿ ಕಣ್ಣು ತೆರೆದಳು. "ಆಗ ನಂದು."

"ಈಗ?"

"ಈಗ ಹೇಗೆ ನಂದಾಗತ್ತೆ ಮಗಳೇ? ಎಷ್ಟು ಜನ ಹಣೆ ಇಟ್ಟಿದಾರೆ ಅದರ ಮೇಲೆ. ಮಕ್ಕಳಿಲ್ಲದೋರು, ಕಾಯಿಲೆಯೋರು, ನನಗಿಂತ ವಯಸ್ಸಾದೋರು. ನನ್ನ ಕಾಲು ಅಂದ್ರೆ ಅಷ್ಟೂ ಜನ ನನ್ನ ಕಾಲಿಗೆ ಬಿದ್ದ ಹಾಗಾಗಲಿಲ್ವಾ? ಆ ಪಾಪಾನ ಎಲ್ಲಿ ತೊಳ್ಕೊಳ್ಳಲಿ?"

"ಮನೆ ಹೋಗತ್ತೆ ಅಜ್ಜಿ."

"ಸೀತಮ್ಮಂಗೇನು ಮನೆ ಇತ್ತಾ?"

ತಮಾಷೆಗೆ ಹೇಳಿದ ಮಾತಾಗಿರಲಿಲ್ಲ ಅದು. ನಮ್ಮ ಮನೆಯಲ್ಲಿ ರಾಮಾಯಣ ಎಲ್ಲಿಗೆ ಮುಗಿದು ತಾತನ ಕಥೆ ಎಲ್ಲಿಂದ ಶುರುವಾಯಿತು ಎಂದು ಚಿಕ್ಕಂದಿನಲ್ಲಿ ನನಗೆ ತಿಳಿಯುತ್ತಲೇ ಇರಲಿಲ್ಲ. ಸೇತುವೆಗೆ ಕಲ್ಲು ಹೊತ್ತವರಲ್ಲಿ ನಮ್ಮವರೂ ಇದ್ದರು ಎನ್ನುವಾಗಲೂ ತಾತನಿಗೆ ಸೊಂಟ ಹಿಡಿದದ್ದನ್ನು ಹೇಳುವಾಗಲೂ ಅಜ್ಜಿಯ ದನಿ ಒಂದೇ. ಯಾವುದು ನಡೆದದ್ದು ಎಂದು ನಾನೂ ಕೇಳಿರಲಿಲ್ಲ. ಕೇಳುವ ಅಗತ್ಯ ಬಂದದ್ದು ಈ ಕಾಗದ ಬಂದ ಮೇಲೆ.

ಅಧಿಕಾರಿ ಬೆಳಿಗ್ಗೆ ಹತ್ತಕ್ಕೆ ಬಂದ. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಫೈಲು, ಕೈಯಲ್ಲಿ ಅಳತೆಯ ಟೇಪು. ಟೇಪಿನ ಇನ್ನೊಂದು ತುದಿ ಹಿಡಿಯಲು ಮೇಷ್ಟ್ರೇ ಬಂದಿದ್ದರು. ಅಷ್ಟರಲ್ಲಾಗಲೇ ಪರವೂರಿನ ಹೆಂಗಸೊಬ್ಬಳು ಬಂಡೆಯ ಮೇಲಿದ್ದಳು. ಎಡಪಾದಕ್ಕೆ ಹಣೆ ಮುಟ್ಟಿಸಿ ಎದ್ದವಳು ಮುಂದೆ ಕಣ್ಣು ಹಾಯಿಸಿ, "ಅಯ್ಯೋ ತಾಯಿ, ಬಲಗಾಲೂ ಇದೆ!" ಎಂದು ಕುಸಿದು ಅದರ ಮೇಲೂ ಹಣೆ ಇಟ್ಟಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಳು. ನನ್ನ ಬಲಗಾಲು ಜುಮ್ಮೆಂದಿತು. ಲಂಗದ ಅಂಚಿನೊಳಗೆ ಎಳೆದುಕೊಂಡೆ.

"ಸಾರ್, ಇದು ನಾನು ಕೆತ್ತಿದ್ದು. ನಿನ್ನೆ ಸಾಯಂಕಾಲ ಮುಗಿಸಿದೆ," ಎಂದ ಅಪ್ಪ.

ಅಧಿಕಾರಿ ಬಗ್ಗಿ ಬೆರಳಾಡಿಸಿದ. "ಉಳಿ ಗುರುತೇ ಇಲ್ವಲ್ರೀ."

"ಗುರುತು ಬಿಟ್ರೆ ಅದೊಂದು ಕೆಲಸಾನಾ ಸಾರ್? ಉಜ್ಜಿದೀನಿ."

"ಎರಡೂ ಒಂದೇ ಥರ ಇವೆ. ಹೊಸದು ಯಾವುದು, ಹಳೇದು ಯಾವುದು ಅಂತ ನಾನು ಹೇಗೆ ಬರೀಲಿ?"

"ಅದಕ್ಕೇ ಸಾರ್! ಎರಡೂ ಒಂದೇ ಥರ ಇವೆ ಅಂದ್ರೆ ಎರಡೂ ನಮ್ಮನೆ ಕೆಲಸ ಅಂತಾನೇ ಅರ್ಥ."

ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು. "ಎಷ್ಟು ಸಲ ಬಂದು ನೋಡಿದೀನಿ, ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಪಾಚಿ ಮುಚ್ಚಿತ್ತೋ ಏನೋ."

"ಮೇಷ್ಟ್ರೇ, ನಿಮ್ಮಾಣೆ, ನಾನೇ ಕೆತ್ತಿದ್ದು. ನನ್ನ ಮಗಳ ಕಾಲು. ಬಾರಮ್ಮ, ಇದರಲ್ಲಿ ಕಾಲಿಟ್ಟು ತೋರಿಸು."

ನಾನು ಎರಡು ಹೆಜ್ಜೆ ಇಟ್ಟೆ. ಆ ಹೆಂಗಸು ಎದ್ದು ಎರಡೂ ಕೈ ಅಡ್ಡ ಚಾಚಿದಳು. "ಮೆಟ್ಟು ನೋಡೋಣ! ತಾಯಿ ಪಾದದ ಮೇಲೆ ಕಾಲಿಡೋಷ್ಟು ಕೊಬ್ಬು ಬಂತಾ ನಿನಗೆ?"

ಅವಳ ಹಣೆಯ ಮೇಲೆ ಅಪ್ಪ ಸವರಿದ ಎಣ್ಣೆ ಹತ್ತಿತ್ತು. ನಾನು ನಿಂತಲ್ಲೇ ನಿಂತೆ.

"ಹೋಗಲಿ, ನೀನೇ ಕೆತ್ತಿದ್ದು ಅಂತಿಟ್ಕೋ," ಎಂದರು ಮೇಷ್ಟ್ರು ಮೆಲ್ಲಗೆ. ಅವರು ಯಾರಿಗೂ ದನಿ ಏರಿಸಿದವರಲ್ಲ. "ನಿನ್ನ ಕೈಲಿ ಕೆತ್ತಿಸಿದ್ದು ಯಾರು? ಪುರಾಣ ಅಂದ್ರೆ ಸುಳ್ಳಲ್ಲಪ್ಪ. ಹಿಂದೆ ನಡೆದದ್ದನ್ನೇ ಜನ ಬಾಯಿಂದ ಬಾಯಿಗೆ ಹೇಳ್ಕೊಂಡು ಬಂದಿರ್ತಾರೆ."

"ನಡೆದದ್ದು ಅಂದ್ರೆ ನಮ್ಮಮ್ಮ ನೀರು ತಂದದ್ದು ಮೇಷ್ಟ್ರೇ!"

"ಅದಕ್ಕೆ ಆಧಾರ ಏನಿದೆ?"

"ನಿಮ್ಮದಕ್ಕೇನಿದೆ?"

"ಕಲ್ಲಲ್ಲೇ ಬರೆದಿದೆಯಲ್ಲಪ್ಪ," ಎಂದು ಮೇಷ್ಟ್ರು ಫಲಕದ ಕಡೆ ಕೈ ಮಾಡಿದರು.

ಅಪ್ಪ ನನ್ನನ್ನು ನೋಡಲಿಲ್ಲ. ನಾನು ನನ್ನ ಅಕ್ಷರವನ್ನು ನೋಡಿದೆ. ಅಂಚಿಗೆ ನಾಲ್ಕು ಬೆರಳು ಜಾಗ ಇನ್ನೂ ಹಾಗೇ ಖಾಲಿ ಇತ್ತು. ಸಣ್ಣಗೆ ಬರೆದಿದ್ದರೆ 'ಹಿರಿಯರು ಹೇಳುತ್ತಾರೆ' ಎಂಬುದೂ ಅಲ್ಲಿ ಹಿಡಿಸುತ್ತಿತ್ತು.

ಅಧಿಕಾರಿ ಅಪ್ಪನನ್ನು ಪಕ್ಕಕ್ಕೆ ಕರೆದ. "ನನಗೂ ಕಣ್ಣಿದೆ ಕಣ್ರೀ. ಆದ್ರೆ ಆಯಮ್ಮನ ಮುಂದೆ ಇದು ಸುಳ್ಳು ಅಂತ ಬರೆದು ಈ ಬೀದಿ ದಾಟೋಕಾಗತ್ತಾ ನನಗೆ? ನಾಳೆ ಇಂಥೋರು ಇನ್ನೂರು ಜನ ಬರ್ತಾರೆ." ಆಮೇಲೆ ಟೇಪು ಬಿಚ್ಚಿದ. ಮುಂದಿನ ಪಾದದಿಂದಲೇ ಅಳತೆ ಹಿಡಿಯಬೇಕಂತೆ. ಮೇಷ್ಟ್ರು ಬಲಪಾದದ ಹೆಬ್ಬೆರಳಿನ ಬಳಿ ತುದಿ ಒತ್ತಿ ಹಿಡಿದರು. ಟೇಪು ಹಿತ್ತಲು ದಾಟಿ, ಶೆಡ್ಡಿನ ಬಾಗಿಲು ದಾಟಿ, ಅಪ್ಪನ ಉಳಿಗಳ ಪೆಟ್ಟಿಗೆಯವರೆಗೂ ಹೋಯಿತು.

"ಶೆಡ್ಡೂ ಬರತ್ತೆ," ಎಂದು ಬರೆದುಕೊಂಡ.

ಯಾವುದಕ್ಕೂ ಒಂದು ಮಾತು ಎಸೆಯದೆ ಬಿಡದ ಅಮ್ಮ ಶೆಡ್ಡಿನ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಸಾರ್," ಎಂದ ಅಪ್ಪ. "ನಮ್ಮಮ್ಮ ಬದುಕಿದಾಳೆ. ಅವಳ ಎಡಗಾಲಿನ ಕಿರುಬೆರಳು ನೋಡಿ. ಅಷ್ಟೇ ಸಾಕು. ಹಳೇ ಪಾದದ ಬೆರಳಿನ ಹಾಗೇ ಇದೆ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ್ದವನು ಮತ್ತೆ ತೆಗೆದ. ಅವನ ಮುಖದಲ್ಲಿ ಹಗುರಾದಂಥ ಭಾವ ಕಂಡಿತು. "ಹೌದಾ? ಹಾಗಿದ್ರೆ ನಾನು ಕಂಡದ್ದು ಕಂಡ ಹಾಗೆ ಬರೀತೀನಿ. ತೀರ್ಮಾನ ಮೇಲಿನೋರು ಮಾಡ್ಲಿ. ಎಲ್ಲಿದಾರೆ?"

ಅಜ್ಜಿ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಎರಡೂ ಕಾಲು ಸೀರೆಯೊಳಗೆ. ಎಲ್ಲರೂ ಅಲ್ಲಿಗೆ ಬಂದರು. ಆ ಹೆಂಗಸೂ ಕೈ ಮುಗಿದುಕೊಂಡೇ ಹಿಂದೆ ಬಂದು ನಿಂತಳು.

"ಅಜ್ಜೀ, ಆ ಬಂಡೆ ಮೇಲಿನ ಪಾದ ಯಾರದು?" ಎಂದು ಕೇಳಿದ ಅಧಿಕಾರಿ.

ಅಜ್ಜಿ ಅವನನ್ನು ನೋಡಲಿಲ್ಲ. ಆ ಹೆಂಗಸಿನ ಹಣೆಯನ್ನು ನೋಡಿದಳು.

"ಸೀತಮ್ಮಂದು."

"ಅಮ್ಮಾ!" ಎಂದ ಅಪ್ಪ. ಆಮೇಲೆ ಗೋಡೆಯ ಕಡೆ ತಿರುಗಿ ನಿಂತ.

ಅಧಿಕಾರಿ ಪೆನ್ನು ಹಿಡಿದು ಇನ್ನೂ ಕಾಯುತ್ತಿದ್ದ. ಇಷ್ಟು ಜನರ ಮುಂದೆ ನಾನು ಯಾವತ್ತೂ ಬಾಯಿ ತೆರೆದವಳಲ್ಲ. ಹೋಗಿ ಅಜ್ಜಿಯ ಕೆಳಗಿನ ಮೆಟ್ಟಿಲಲ್ಲಿ ಕೂತೆ. ಸೀರೆಯ ಅಂಚಿನ ಹಿಂದೆ ನಿನ್ನೆ ತಾನೇ ಉಗುರು ತೆಗೆದ ಬೆರಳು ಒಳಕ್ಕೆ ಸರಿದದ್ದು ಬಟ್ಟೆಯ ಮೇಲಿಂದಲೇ ತಿಳಿಯಿತು. ನನ್ನ ಬಲಗಾಲೂ ಲಂಗದೊಳಗೇ ಇತ್ತು.

"ಅಜ್ಜಿ," ಎಂದೆ, "ಕಾಲು ಸ್ವಲ್ಪ ಈಚೆ ಚಾಚು."